ಒಂದು ರಾತ್ರಿ, ಎರಡು ಯಂತ್ರ, ಇಡೀ ಊರಿನ ಲೆಕ್ಕ

"ಸಾರ್, ಸರ್ವರ್ ಕೂಗ್ಲಿಕ್ಕೆ ಶುರು ಮಾಡಿದೆ. ಆಫ್ ಮಾಡ್ಲಾ?"

ಫೋನಿನಲ್ಲಿ ಸಂಘದ ಕಾರ್ಯದರ್ಶಿಗಳ ದನಿಯ ಹಿಂದೆ ಆ ಕೂಗು ನನಗೂ ಕೇಳಿಸುತ್ತಿತ್ತು. ಒಂದೇ ಸಮನೆ, ಕಿವಿ ಕೊರೆಯುವ ಬೀಪ್. 2019ರ ಆಗಸ್ಟ್. ಮಲೆನಾಡಿನಲ್ಲಿ ಹೊಳವೇ ಕಾಣದ ಮಳೆ. ಶಿವಮೊಗ್ಗದ ನನ್ನ ವರ್ಕ್‌ಶಾಪಿನ ಕಿಟಕಿಯಾಚೆ ರಸ್ತೆ ಯಾವುದು, ಚರಂಡಿ ಯಾವುದು ತಿಳಿಯುತ್ತಿರಲಿಲ್ಲ.

"ಬೇಡ! ಯಾವುದನ್ನೂ ಆಫ್ ಮಾಡ್ಬೇಡಿ. ಎದುರಿಗೆ ಮೂರು ಡಿಸ್ಕ್ ಇದ್ದಾವಲ್ಲ, ದೀಪದ ಬಣ್ಣ ನೋಡಿ ಹೇಳಿ."

"ಒಂದು ಕೇಸರಿ. ಒಂದು ಹಸಿರು. ಇನ್ನೊಂದು... ಹಸಿರೇ, ಆದ್ರೆ ಆಗಾಗ ಕೇಸರಿಗೆ ತಿರುಗಿ ವಾಪಸ್ ಬರ್ತಿದೆ ಮಾರಾಯ್ರೆ."

ಎದೆ ಧಸಕ್ಕೆಂದಿತು. ಒಂದು ಡಿಸ್ಕ್ ಸತ್ತಿದೆ. ಎರಡನೆಯದು ಸಾಯುತ್ತಿದೆ.

ಅದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಹಕಾರ ಸಂಘ. ಸರ್ವರ್ 2008ರಲ್ಲಿ ಕೊಂಡದ್ದು. ಮೂರು ಡಿಸ್ಕುಗಳನ್ನು ಕೂಡಿಸಿದ ರೇಡ್-5. ಅದರಲ್ಲಿ ಬರೆದದ್ದೆಲ್ಲ ಮೂರೂ ಡಿಸ್ಕುಗಳಿಗೆ ಹಂಚಿಹೋಗುತ್ತದೆ. ಕಳೆದುಹೋದ ಪಾಲನ್ನು ಮರಳಿ ಪಡೆಯಲು ಬೇಕಾದ ಪ್ಯಾರಿಟಿ ಎಂಬ ಲೆಕ್ಕವೂ ಜೊತೆಗಿರುತ್ತದೆ. ಮೂವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಕುಸಿದರೂ ಇಬ್ಬರು ಹೇಗೋ ಹೊತ್ತು ನಿಲ್ಲುತ್ತಾರೆ. ಎರಡನೆಯವನೂ ಕುಸಿದರೆ ಪಲ್ಲಕ್ಕಿ ನೆಲಕ್ಕೆ.

ಆ ಪಲ್ಲಕ್ಕಿಯಲ್ಲಿ ಸುತ್ತಲಿನ ಹಳ್ಳಿಗಳ ಬದುಕು ಕೂತಿತ್ತು. ಅಡಿಕೆ ಬೆಳೆಗಾರರ ಬೆಳೆ ಸಾಲ, ಅಡಮಾನ ಸಾಲ, ವಿಧವೆಯರ ಠೇವಣಿ, ಬೀಡಾ ಅಂಗಡಿಯವರ ಪಿಗ್ಮಿ, ಷೇರು ಬಂಡವಾಳ. 2018ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಸಾಲಮನ್ನಾದ ಲೆಕ್ಕವೂ ಅದರೊಳಗೇ. ಯಾರಿಗೆ ಎಷ್ಟು ಬಾಕಿ, ಯಾರಿಗೆ ಎಷ್ಟು ಮನ್ನಾ ಎನ್ನುವುದಕ್ಕೆ ಆ ಯಂತ್ರವೇ ಸಾಕ್ಷಿ.

"ಬ್ಯಾಕಪ್ ಇದೆಯಲ್ಲ?" ಎಂದೆ.

"ದಿನಾ ರಾತ್ರಿ ತಾನಾಗೇ ಆಗ್ತದೆ ಸಾರ್."

"ಆ ಡಿಸ್ಕ್ ತೆರೆದು ಕಡೇ ಫೈಲಿನ ತಾರೀಕು ಓದಿ."

ಒಂದು ನಿಮಿಷ ಸದ್ದಿಲ್ಲ. ಬೀಪ್ ಮಾತ್ರ. ಆಮೇಲೆ ಕ್ಷೀಣ ದನಿಯಲ್ಲಿ ಬಂತು ಉತ್ತರ: "ಮಾರ್ಚ್ 31."

ವರ್ಷಾಂತ್ಯದ ನಕಲಿನಿಂದಲೇ ಬ್ಯಾಕಪ್ ಡಿಸ್ಕ್ ತುಂಬಿಹೋಗಿತ್ತು. ಅಲ್ಲಿಂದೀಚೆಗೆ ಪ್ರತಿ ರಾತ್ರಿ ಬ್ಯಾಕಪ್ ಶುರುವಾಗಿ, ಜಾಗ ಸಾಲದೆ ನಿಂತುಹೋಗಿತ್ತು. ಏಪ್ರಿಲ್, ಮೇ, ಜೂನ್, ಜುಲೈ, ಮುಂಗಾರಿನ ಹೊಸ ಸಾಲಗಳೆಲ್ಲ ಭೂಮಿಯ ಮೇಲೆ ಒಂದೇ ಒಂದು ಕಡೆ ಇದ್ದವು: ಆ ಕೂಗುತ್ತಿದ್ದ ಪೆಟ್ಟಿಗೆಯಲ್ಲಿ.

ಸಂಘಕ್ಕೆಂದು ಸಿದ್ಧಪಡಿಸಿದ ಹೊಸ ಸರ್ವರ್ ನನ್ನ ಕಣ್ಣೆದುರೇ ಇತ್ತು. ಪೆಟ್ಟಿಗೆ ಒಡೆದು, ವಿಂಡೋಸ್ ಸರ್ವರ್ 2016 ಹಾಕಿ, ಪರೀಕ್ಷಿಸಿ ಇಟ್ಟಿದ್ದೆ. ಮಳೆ ಬಿಟ್ಟ ಮೇಲೆ, ಒಂದು ರಜೆಯ ದಿನ ನಿಧಾನವಾಗಿ ಬದಲಾಯಿಸುವುದೆಂದು ಮಾತಾಗಿತ್ತು. ಇನ್ನು ಆ ಮಾತಿಗೆ ಬೆಲೆಯಿರಲಿಲ್ಲ.

"ಯಾರೂ ಏನನ್ನೂ ಮುಟ್ಟಬೇಡಿ. ಹೊರಟೆ."

ತುಂಗೆಯ ದಂಡೆಗುಂಟ

ಜೀಪಿನ ಅಣ್ಣ ಒಂದು ಮಾತು ಕೇಳಲಿಲ್ಲ. ಸರ್ವರಿಗೆ ಎರಡು ಸುತ್ತು ಪ್ಲಾಸ್ಟಿಕ್, ಅದರ ಮೇಲೆ ಕಂಬಳಿ, ಅದರ ಮೇಲೆ ಟಾರ್ಪಾಲು. ಹಿಂದಿನ ಸೀಟಿನಲ್ಲಿ ಅದನ್ನು ಹಗ್ಗದಿಂದ ಬಿಗಿದು ನಾನು ಪಕ್ಕದಲ್ಲಿ ಕೂತು ತೋಳಿನಿಂದ ಒತ್ತಿ ಹಿಡಿದೆ.

ಊರು ದಾಟುವಾಗಲೇ ಸುದ್ದಿ: ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿದೆ. ಶಿವಮೊಗ್ಗದವರಿಗೆ ಅಷ್ಟು ಸಾಕು, ತುಂಗೆ ತುಂಬಿದಳೆಂದು ಅರ್ಥ. ಗಾಜನೂರು ಅಣೆಕಟ್ಟಿನ ಗೇಟುಗಳಿಂದ ಕೆಂಪು ನೀರು ಧುಮುಕುತ್ತಿತ್ತು. ಸಕ್ರೆಬೈಲಿನ ಆನೆ ಬಿಡಾರ ದಾಟಿದ ಮೇಲೆ ಒಂದು ಕಡೆ ಕಾಡು, ಇನ್ನೊಂದು ಕಡೆ ಹೊಳೆ, ನಡುವೆ ರಸ್ತೆ. ವೈಪರ್ ಒರೆಸಿದಲ್ಲೇ ಗಾಜು ಮತ್ತೆ ಬೆಳ್ಳಗಾಗುತ್ತಿತ್ತು.

ಮಂಡಗದ್ದೆಯ ಆಚೆ ಬ್ರೇಕ್ ಕಿರುಚಿತು. ರಸ್ತೆಗೆ ಅಡ್ಡಲಾಗಿ ಒಂದು ಮರ.

"ಇಳೀರಿ ಸಾರ್," ಅಂದವನೇ ಅಣ್ಣ ಸೀಟಿನ ಕೆಳಗಿನಿಂದ ಕತ್ತಿ, ಹಗ್ಗ ತೆಗೆದ. ಆಚೆ ಬದಿಯಲ್ಲಿ ನಿಂತಿದ್ದ ಹಾಲಿನ ಗಾಡಿಯವರೂ ಇಳಿದರು. ಕೊಂಬೆ ಕಡಿದೆವು. ಕಾಂಡಕ್ಕೆ ಹಗ್ಗ ಬಿಗಿದು ಜೀಪು ಹಿಂದಕ್ಕೆ ಎಳೆಯಿತು. ಒಂದು ಗಾಡಿ ನುಸುಳುವಷ್ಟು ದಾರಿ ಬಿಡುವ ಹೊತ್ತಿಗೆ ಮೈಮೇಲೆ ಒಣ ದಾರವೊಂದೂ ಉಳಿದಿರಲಿಲ್ಲ. ಸರ್ವರ್ ಮಾತ್ರ ಕಂಬಳಿಯೊಳಗೆ ಒಣಗಿತ್ತು. ನನಗೆ ಬೇಕಾದದ್ದು ಅಷ್ಟೇ.

ಸಂಜೆ ಏಳಕ್ಕೆ ಸಂಘದ ಮೆಟ್ಟಿಲು ಹತ್ತಿದೆವು. ಬೀಪ್ ಇನ್ನೂ ಕೇಳುತ್ತಿತ್ತು. ಆ ಕರ್ಕಶ ಸದ್ದು ನನ್ನ ಪಾಲಿಗೆ ಶುಭವಾರ್ತೆ. ಕೂಗುತ್ತಿದೆ ಎಂದರೆ ಬದುಕಿದೆ.

ಆರಿಸಬಾರದ ಯಂತ್ರ

ಲೆಕ್ಕ ವಿಭಾಗದ ಅಕ್ಕ ಮನೆಗೆ ಹೋಗಿರಲಿಲ್ಲ. ಕಾರ್ಯದರ್ಶಿಗಳು, ಅಟೆಂಡರ್, ಅಕ್ಕ, ಮೂವರೂ ಸರ್ವರಿನ ಸುತ್ತ ನಿಂತಿದ್ದರು.

"ಹೊಸ ಡಿಸ್ಕ್ ಒಂದು ಹಾಕಿಬಿಟ್ರೆ ಸರಿಯಾಗ್ತದಲ್ಲ?" ಕಾರ್ಯದರ್ಶಿಗಳು ಕೇಳಿದರು.

ಪುಸ್ತಕದ ಪ್ರಕಾರ ಅದೇ ಸರಿ. ಸತ್ತ ಡಿಸ್ಕ್ ಕಿತ್ತು ಹೊಸದು ಹಾಕಿದರೆ ಉಳಿದೆರಡರಿಂದ ಓದಿ ಮೂರನೆಯದನ್ನು ಮರಳಿ ಕಟ್ಟುತ್ತದೆ. ಆದರೆ ಹಾಗೆ ಕಟ್ಟಲು ಉಳಿದೆರಡು ಡಿಸ್ಕುಗಳನ್ನು ಮೊದಲ ಅಂಚಿನಿಂದ ಕಡೆಯ ಅಂಚಿನವರೆಗೆ, ಒಂದು ಚೂರೂ ಬಿಡದೆ ಓದಬೇಕು. ವರ್ಷಗಟ್ಟಲೆ ನಿಮಿಷಕ್ಕೆ 10,000 ಸುತ್ತು ತಿರುಗಿ ಸವೆದ ಡಿಸ್ಕಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಎರಡನೆಯದು ಆಗಲೇ ತೊದಲುತ್ತಿದೆ. ರೀಬಿಲ್ಡ್ ಶುರು ಮಾಡಿದರೆ ಅರ್ಧದಾರಿಯಲ್ಲಿ ಅದೂ ನಿಂತೀತು.

ಆರಿಸಿ ಮತ್ತೆ ಹೊತ್ತಿಸುವುದೂ ಆಗದು. ತಿರುಗುತ್ತಲೇ ಇರುವ ಮುದಿ ಡಿಸ್ಕ್ ತಿರುಗುತ್ತಲೇ ಇರಬಲ್ಲದು. ಒಮ್ಮೆ ನಿಂತು ತಣ್ಣಗಾದರೆ ಮತ್ತೆ ಏಳುತ್ತದೆಂಬ ಭರವಸೆಯಿಲ್ಲ. ಉಳಿದ ದಾರಿ ಒಂದೇ. ಓಡುತ್ತಿರುವಾಗಲೇ, ಬೇಕಾದಷ್ಟನ್ನೇ, ಬೇಕಾದ ಕ್ರಮದಲ್ಲಿ ಹೊರಕ್ಕೆ ತೆಗೆಯುವುದು.

"ಅಕ್ಕಾ, ಎಲ್ಲ ಉಳಿಯದೇ ಹೋದ್ರೆ ಮೊದಲು ಯಾವುದು ಉಳೀಬೇಕು?"

ಅಕ್ಕ ಕ್ಷಣವೂ ಯೋಚಿಸಲಿಲ್ಲ. "ಸದಸ್ಯರ ಪಟ್ಟಿ. ಆಮೇಲೆ ಉಳಿತಾಯದ ಬಾಕಿ. ಆಮೇಲೆ ಸಾಲ. ಆಮೇಲೆ ದಿನದಿನದ ವ್ಯವಹಾರ. ಸಹಿ, ಫೋಟೋ ಕಡೆಗೆ. ಅದನ್ನು ಮತ್ತೆ ತೆಗೆಸ್ಬಹುದು, ಜನ ಇದ್ದಾರಲ್ಲ."

ಆ ಕ್ರಮವನ್ನು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದೆವು. ಎರಡು ಸರ್ವರುಗಳ ನಡುವೆ ನೇರವಾಗಿ ಒಂದು ನೆಟ್‌ವರ್ಕ್ ಕೇಬಲ್ ಎಳೆದೆ. ಹೊಸ ಯಂತ್ರ ಎದ್ದು ನಿಂತಿತು. ಅದರೊಳಗೆ ಒಂದರ ಪ್ರತಿಬಿಂಬವಾಗಿ ಇನ್ನೊಂದು ನಿಲ್ಲುವ ಎರಡು ಎಸ್‌ಎಸ್‌ಡಿಗಳು, ತಪ್ಪಿದ ಒಂದು ಬಿಟ್ಟನ್ನು ತಾನೇ ಕಂಡು ತಿದ್ದುವ ಇಸಿಸಿ ಮೆಮೊರಿ.

ಅಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲೆಯಲ್ಲಿ ಐವತ್ತು ಹರ್ಟ್ಸ್

ಯುಪಿಎಸ್ ಕಿರುಗುಟ್ಟಿತು. ಅದರ ಸೀಸದ ಬ್ಯಾಟರಿಗಳು ಐದು ವರ್ಷ ದಾಟಿದ್ದವು. ಆ ಜಾತಿಯ ಬ್ಯಾಟರಿಯ ಆಯಸ್ಸೇ ಮೂರರಿಂದ ಐದು ವರ್ಷ. ಯುಪಿಎಸ್ಸಿನ ಪರದೆಯ ಮೇಲೆ ಉಳಿದ ಸಮಯ 18 ನಿಮಿಷ. ನೋಡುತ್ತಿದ್ದಂತೆ 16.

ಲೈನ್‌ಮ್ಯಾನ್‌ಗೆ ಫೋನ್ ಹಚ್ಚಿದರು. ಕಂಬಗಳೇ ಮಲಗಿವೆ, ಇವತ್ತು ರಾತ್ರಿ ಮಾತೇ ಇಲ್ಲವೆಂದ. ಸಂಘಕ್ಕೆ ಜನರೇಟರ್ ಇರಲಿಲ್ಲ.

"ಶಾಮಿಯಾನದ ಸಾಹೇಬ್ರ ಹತ್ರ ಇದೆ!" ಅಟೆಂಡರ್ ಛತ್ರಿಯನ್ನೂ ಎತ್ತಿಕೊಳ್ಳದೆ ಮಳೆಗೆ ಧುಮುಕಿದ.

14. 12. ಹೊಸ ಸರ್ವರನ್ನು ಆರಿಸಿದೆ, ಭಾರ ಕಡಿಮೆಯಾಗಲಿ. ಮಾನಿಟರ್ ಆರಿಸಿದೆ. ಕತ್ತಲೆಯಲ್ಲಿ ಹಳೆಯ ಯಂತ್ರವೊಂದೇ ತಿರುಗುತ್ತಿತ್ತು. 9. ಕಾರ್ಯದರ್ಶಿಗಳು ಬಾಗಿಲಲ್ಲಿ ಟಾರ್ಚ್ ಹಿಡಿದು ನಿಂತಿದ್ದರು. 7. ಬೀದಿಯ ತುದಿಯಲ್ಲಿ ಎರಡು ಬೆಳಕು ಕಂಡಿತು. ಸಾಹೇಬರು ಪಿಕಪ್ಪಿನ ಹಿಂದೆ ಡೀಸೆಲ್ ಜನರೇಟರ್ ಹೇರಿಕೊಂಡು ಬಂದೇಬಿಟ್ಟಿದ್ದರು.

ಜಗಲಿಯಲ್ಲಿ ಅದು ಗುಡುಗಿ ಎದ್ದಿತು. ತಂತಿ ಎಳೆದೆವು, ಪ್ಲಗ್ ಸಿಕ್ಕಿಸಿದೆವು. ಯುಪಿಎಸ್ ಒಪ್ಪಲಿಲ್ಲ! ಒಂದು ಕ್ಷಣ ಹಿಡಿದು, ಮತ್ತೆ ಬಿಟ್ಟು, ಬ್ಯಾಟರಿಗೇ ಮರಳಿತು. 4 ನಿಮಿಷ.

ಕಾರಣ ತಿಳಿಯಿತು. ಸಣ್ಣ ಜನರೇಟರಿಗೆ ಭಾರ ಕಡಿಮೆಯಾದರೆ ಎಂಜಿನ್ನಿನ ಓಟ ಏರಿಳಿಯುತ್ತದೆ. ಓಟ ಏರಿಳಿದರೆ 50 ಹರ್ಟ್ಸ್ ಇರಬೇಕಾದ ಕರೆಂಟೂ ಅಲ್ಲಾಡುತ್ತದೆ. ಯುಪಿಎಸ್ ಅದನ್ನು ಕೊಳಕು ಕರೆಂಟೆಂದು ತಳ್ಳುತ್ತಿದೆ.

"ಸಾಹೇಬ್ರೇ, ಮದ್ವೆ ಮನೆ ಹ್ಯಾಲೊಜೆನ್ ದೀಪ ಗಾಡೀಲಿ ಇದ್ದಾವಾ?"

"ಇದ್ದಾವೆ. ಈ ಮಳೇಲಿ ಯಾರಿಗೆ ಬೇಕು?"

"ನಮಗೆ ಬೇಕು. ಇದ್ದಷ್ಟೂ ಹಚ್ಚಿ!"

ಒಂದೊಂದು 500 ವಾಟ್. ಒಂದು ಹೊತ್ತಿತು, ಎರಡು, ಮೂರು. ಸಂಘದ ಜಗಲಿ ಹಗಲಾಯಿತು. ಎಂಜಿನ್ನಿನ ಸದ್ದು ದಪ್ಪಗಾಗಿ, ಒಂದೇ ಶ್ರುತಿಗೆ ನಿಂತಿತು. ಯುಪಿಎಸ್ ಟಕ್ ಎಂದಿತು. ಪರದೆಯಲ್ಲಿ ಬ್ಯಾಟರಿಯ ಗುರುತು ಅಳಿದು ಲೈನ್ ಬಂತು. ಆಗ ಉಳಿದಿದ್ದದ್ದು 2 ನಿಮಿಷ.

ತಲೆಕಟ್ಟು ಹಾರಿದ ಹೆಸರುಗಳು

ಹೊಸ ಸರ್ವರನ್ನೂ ಮಾನಿಟರನ್ನೂ ಮತ್ತೆ ಹೊತ್ತಿಸಿ, ಇಡೀ ಡೇಟಾಬೇಸಿನ ಬ್ಯಾಕಪ್ಪನ್ನು ಒಂದೇ ಆಜ್ಞೆಯಲ್ಲಿ ತೆಗೆಯಲು ನೋಡಿದೆ. ಕೆಂಪಕ್ಷರದಲ್ಲಿ ಬಂತು ದೋಷ 823. ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶ ಬಲ್ಲವರ ಬೆವರಿಳಿಸುವ ಸಂಖ್ಯೆ ಅದು. ಓದಲು ಹೋದೆ, ಡಿಸ್ಕ್ ಕೊಡಲಿಲ್ಲ ಎಂದು ಅದರ ಅರ್ಥ. ಎಲ್ಲೋ ಒಂದು ಪುಟ ಹಾಳಾಗಿದೆ, ಆ ಒಂದು ಪುಟಕ್ಕಾಗಿ ಇಡೀ ಬ್ಯಾಕಪ್ ನಿಲ್ಲುತ್ತಿದೆ.

ಹಾಗಾದರೆ ಕೋಷ್ಟಕ ಕೋಷ್ಟಕವಾಗಿ ಬಿಡಿಸಿ ಹೊರಬೇಕು. ಅದಕ್ಕೆ ಬಿಸಿಪಿ ಎಂಬ ಹಳೆಯ ಉಪಕರಣವಿದೆ. ಕೋಷ್ಟಕದ ಸಾಲುಗಳನ್ನು ಸಾದಾ ಫೈಲಾಗಿ ಸುರಿಯುತ್ತದೆ. ದೊಡ್ಡದಕ್ಕೆ ಕೈ ಹಾಕುವ ಮುನ್ನ ಚಿಕ್ಕದೊಂದರಲ್ಲಿ ಪರೀಕ್ಷೆ: ಗ್ರಾಮಗಳ ಪಟ್ಟಿ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೊಸ ಯಂತ್ರದಲ್ಲಿತ್ತು. ಅಕ್ಕ ಪರದೆಗೆ ಬಗ್ಗಿದರು.

"ಇದೆಂಥ ಇದು! ನಮ್ಮೂರಿನ ಹೆಸ್ರೇ ಅಲ್ಲ."

ಅಕ್ಷರಗಳ ತಲೆಕಟ್ಟು ಹಾರಿಹೋಗಿ ಆ ಜಾಗದಲ್ಲೆಲ್ಲ ಸೊನ್ನೆ ಬಂದು ಕೂತಿತ್ತು. ನುಡಿ ಫಾಂಟ್ ಹೊಸ ಯಂತ್ರದಲ್ಲಿತ್ತು, ದೋಷ ಫಾಂಟಿನದಲ್ಲ. ಹಳೆಯ ದತ್ತಾಂಶವೆಲ್ಲ ಯೂನಿಕೋಡ್ ಪೂರ್ವದ ನುಡಿಯಲ್ಲಿ ಬರೆದದ್ದು. ಅಲ್ಲಿ ಯಂತ್ರದ ಕಣ್ಣಿಗೆ ಕನ್ನಡವೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮೇಲೆ ಕನ್ನಡದ ಚಿತ್ರ ಹೊದಿಸಿದ ವ್ಯವಸ್ಥೆ ಅದು. ತಲೆಕಟ್ಟಿನ ಜಾಗದಲ್ಲಿರುವುದು ಮೇಲೆ ಗೀಟು ಹೊತ್ತ ಎ ಅಕ್ಷರ. ಬಿಸಿಪಿ ತಾನಾಗಿ ಮಾಡುವ ಸಂಕೇತ ಪರಿವರ್ತನೆಯಲ್ಲಿ ಆ ಗೀಟು ಉದುರಿ ಬರೀ ಎ ಉಳಿಯುತ್ತದೆ, ಬರೀ ಎ ಎಂದರೆ ನುಡಿಯಲ್ಲಿ ಅನುಸ್ವಾರ.

ಅಕ್ಕ ಅಲ್ಲಿ ಇರದಿದ್ದರೆ? ಬೈಟುಗಳ ಲೆಕ್ಕ ಸರಿಯಿದೆ, ಸಾಲುಗಳ ಸಂಖ್ಯೆ ಸರಿಯಿದೆ. ಊರಿನ ಹೆಸರು ಬಲ್ಲವರಿಗೆ ಮಾತ್ರ ಕಾಣುವ ಗಾಯ ಅದು. ಹಾಗೇ ಸುರಿದಿದ್ದರೆ ಸಾವಿರಾರು ಸದಸ್ಯರು ಹೆಸರು ಕಳೆದುಕೊಳ್ಳುತ್ತಿದ್ದರು. ಬಿಸಿಪಿಗೆ ಒಂದು ಸೂಚನೆಯಿದೆ, "ರಾ", ಇದ್ದದ್ದನ್ನು ಇದ್ದ ಹಾಗೇ ಸಾಗಿಸು ಎಂದು. ಅದನ್ನು ಸೇರಿಸಿ ಮತ್ತೆ ಓಡಿಸಿದೆ.

"ಹಾಂ, ಈಗ ಸರಿ. ಎಲ್ಲ ಊರೂ ಬಂತು," ಎಂದರು ಅಕ್ಕ.

ರಾತ್ರಿ ಹತ್ತೂವರೆ. ಓಟ ಶುರುವಾಯಿತು. ಸದಸ್ಯರ ಪಟ್ಟಿ ದಾಟಿತು, ಅಕ್ಕ ಗೋಡೆಯ ಹಾಳೆಯಲ್ಲಿ ಗುರುತು ಹಾಕಿದರು. ಉಳಿತಾಯ ದಾಟಿತು. ಸಾಲದ ಖಾತೆಗಳು... ನಡುವೆ ಡಿಸ್ಕ್ ಕಟ್ ಕಟ್ ಎಂದಿತು, ಎಣಿಕೆ ನಿಂತಿತು. ಹತ್ತು ಸೆಕೆಂಡು. ಇಪ್ಪತ್ತು. ನಾವ್ಯಾರೂ ಉಸಿರೆತ್ತಲಿಲ್ಲ. ಮತ್ತೆ ಚಲಿಸಿತು. ಸಾಲವೂ ದಾಟಿತು!

ಆಗ ಅಟೆಂಡರ್ ನೆಲ ನೋಡಿ ಕೂಗಿದ: "ನೀರು!"

ಎತ್ತಿ, ಆದರೆ ಅಲುಗಿಸದೆ

ಹಿಂದಿನ ಹಳ್ಳ ಉಕ್ಕಿತ್ತು. ಹಿತ್ತಿಲ ಬಾಗಿಲ ಅಡಿಯಿಂದ ಕೆಂಪು ನೀರಿನ ನಾಲಗೆ ಒಳಗೆ ಚಾಚುತ್ತಿತ್ತು. ಯುಪಿಎಸ್ ನೆಲದ ಮೇಲೆ, ಎಕ್ಸ್‌ಟೆನ್ಷನ್ ಬೋರ್ಡು ನೆಲದ ಮೇಲೆ, ಹಳೆಯ ಸರ್ವರ್ ಒಂದು ಗೇಣು ಎತ್ತರದ ಮಣೆಯ ಮೇಲೆ.

"ಯಾರೂ ಒದ್ದೆ ಕೈಯಲ್ಲಿ ಬೋರ್ಡ್ ಮುಟ್ಬೇಡಿ! ಒಣ ಬಟ್ಟೆ, ರಬ್ಬರ್ ಚಪ್ಪಲಿ!"

ಬೋರ್ಡನ್ನು ಮೇಜಿಗೆ ಏರಿಸಿದೆವು. ಯುಪಿಎಸ್ಸನ್ನು ಇಬ್ಬರು ಎತ್ತಿ ಕುರ್ಚಿಗಿಟ್ಟರು. ಸಾಹೇಬರು ಗಾಡಿಯಿಂದ ಟಾರ್ಪಾಲು ತಂದು ಬಾಗಿಲಿಗೆ ಒತ್ತಿದರು. ಜೀಪಿನ ಅಣ್ಣ ಅಂಗಳದ ಜಂಬಿಟ್ಟಿಗೆ ಹೊತ್ತು ಹೊತ್ತು ತಂದು ಅದರ ಮೇಲೆ ಹೇರಿದ. ನೀರಿನ ವೇಗ ತಗ್ಗಿತು, ನಿಲ್ಲಲಿಲ್ಲ. ಮಣೆಯ ಕಾಲು ಮುಳುಗತೊಡಗಿತು.

ಸರ್ವರನ್ನು ಎತ್ತಲೇಬೇಕು. ಆರಿಸುವಂತಿಲ್ಲ. ತಿರುಗುವ ತಟ್ಟೆಯ ಮೇಲೆ ಓದುವ ಸೂಜಿ ತೇಲುವುದು ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ. ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಒಂದು ಕುಲುಕು ಸಾಕು, ಸೂಜಿ ತಟ್ಟೆಗೆ ಉಜ್ಜಿ ಎಲ್ಲ ಕೆರೆದು ಹೋಗಲು.

ನಕಲು ನಿಲ್ಲಿಸಿದೆ. ಓದು ಬರಹ ಇಲ್ಲದೆ ಡಿಸ್ಕ್ ಸುಮ್ಮನೆ ತಿರುಗಲಿ. ನಾಲ್ಕು ಮೂಲೆಗೆ ನಾಲ್ವರು: ಕಾರ್ಯದರ್ಶಿ, ಸಾಹೇಬರು, ಅಣ್ಣ, ನಾನು. ಅಕ್ಕ ತಂತಿಗಳನ್ನು ಕೈಯಲ್ಲಿ ಸಡಿಲ ಹಿಡಿದರು. ಅಟೆಂಡರ್ ಬೆಂಚು ಹಿಡಿದು ಸಿದ್ಧನಾದ.

"ನಾನು ಎಣಿಸ್ತೇನೆ. ಒಂದೊಂದು ಎಣಿಕೆಗೆ ಒಂದೊಂದು ಬೆರಳು ಎತ್ತರ. ವಾಲಬಾರದು. ಒಂದು..."

ಪೆಟ್ಟಿಗೆ ಮಣೆ ಬಿಟ್ಟಿತು.

"ಎರಡು... ಮೂರು..."

ತೋಳು ನಡುಗುತ್ತಿತ್ತು. ಕಾಲಡಿಯಲ್ಲಿ ಕೆಸರು ಜಾರುತ್ತಿತ್ತು. ಕಾರ್ಯದರ್ಶಿಗಳ ಹಣೆಯ ಬೆವರು ಯಂತ್ರದ ಮೇಲೆ ಬೀಳದಂತೆ ಅಕ್ಕ ಸೆರಗಿನಿಂದ ಒರೆಸಿದರು. ಯಾರೂ ಮಾತಾಡಲಿಲ್ಲ. ಅಟೆಂಡರ್ ಬೆಂಚನ್ನು ಒಂದಿಷ್ಟೂ ತಾಗಿಸದೆ ಕೆಳಗೆ ಸರಿಸಿದ.

"ಈಗ ಇಳಿಸಿ. ನಿಧಾನ. ಇನ್ನೂ ನಿಧಾನ..."

ಮರಕ್ಕೆ ಲೋಹ ತಾಗಿದ ಸದ್ದೂ ಬರಲಿಲ್ಲ. ಡಿಸ್ಕ್ ತಿರುಗುತ್ತಲೇ ಇತ್ತು. ಪರದೆಗೆ ಹಾರಿದೆ, ಒಂದು ಸಾಲು ಓದಿಸಿದೆ. ಬಂತು!

ನಾಲ್ವರ ಬಾಯಿಂದ ಒಮ್ಮೆಗೇ ಉಸಿರು ಹೊರಬಿತ್ತು.

ಅರವತ್ತಾರು ಸಾಲುಗಳ ಬೇಟೆ

ಇನ್ನು ದಿನದಿನದ ವ್ಯವಹಾರದ ಕೋಷ್ಟಕ. ಎಲ್ಲಕ್ಕಿಂತ ದೊಡ್ಡದು. ಹಾಳಾದ ಪುಟ ಇದರಲ್ಲೇ ಇರಬೇಕೆಂಬ ನನ್ನ ಅನುಮಾನ ನಿಜವಾಯಿತು. ಜೂನ್ ತಿಂಗಳಿಗೆ ಬರುತ್ತಲೇ 823.

ಗಾಯವನ್ನು ಕೆದಕಿದಷ್ಟೂ ಡಿಸ್ಕಿಗೆ ಅಪಾಯ. ಗಾಯದ ಎರಡೂ ಬದಿಯ ಗಟ್ಟಿ ನೆಲವನ್ನು ಮೊದಲು ಉಳಿಸಿಕೊಳ್ಳಬೇಕು. ಜೂನ್ ಮೊದಲಿನವರೆಗಿನದನ್ನು ತೆಗೆದೆ. ಆಮೇಲೆ ಜುಲೈ, ಆಗಸ್ಟ್. ಅವು ಸುರಕ್ಷಿತವಾಗಿ ದಾಟಿದ ಮೇಲೆ ಜೂನ್‌ನ ಒಳಗೆ ಇಳಿದೆ. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ, ವೋಚರ್ ಸಂಖ್ಯೆ ಹಿಡಿದು ಹತ್ತಿರ ಹತ್ತಿರ ಸರಿಯುತ್ತ. 41,812ರವರೆಗೆ ಸಿಕ್ಕಿತು. ಆ ಕಡೆಯಿಂದ 41,879ರವರೆಗೆ ಸಿಕ್ಕಿತು. ನಡುವಿನ 66 ಸಾಲುಗಳು ಕತ್ತಲು. ಡೇಟಾಬೇಸಿನ ಒಂದು ಪುಟ 8 ಕಿಲೋಬೈಟ್. ಆ ಒಂದೇ ಪುಟದಲ್ಲಿ ಇವೆಲ್ಲ ಕೂತಿದ್ದವು.

66 ಸಾಲು ಎಂದರೆ ಯಾರೋ ಕಟ್ಟಿದ ಕಂತು, ಯಾರೋ ಮಗಳ ಫೀಸಿಗೆ ತೆಗೆದ ಹಣ. ಒಂದನ್ನೂ ಬಿಡುವಂತಿಲ್ಲ. ಮಾರ್ಚಿನ ಬ್ಯಾಕಪ್ಪಿನಲ್ಲಿ ಜೂನ್ ಇಲ್ಲ.

"ಕಾಗದದಲ್ಲಿ ಇದೆ," ಎಂದರು ಅಕ್ಕ.

ಕಂಪ್ಯೂಟರ್ ಬಂದ ದಿನದಿಂದಲೂ ಅವರು ಪ್ರತಿ ಸಂಜೆ ದಿನವಹಿಯನ್ನು ಮುದ್ರಿಸಿ, ಸಹಿ ಹಾಕಿ, ದಾರ ಕಟ್ಟಿ ಕಪಾಟಿನಲ್ಲಿಡುತ್ತಿದ್ದರು. ಯಾರೂ ಹೇಳದಿದ್ದರೂ ಬಿಟ್ಟಿರಲಿಲ್ಲ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಯಂತ್ರವಿರಲಿಲ್ಲ. ಅಂದಿನ ಲೆಕ್ಕ ಅಂದೇ ಬರೆದು ಸಹಿ ಹಾಕುವ ಶಿಸ್ತಿನ ಮೇಲೇ ಇಡೀ ಚಳವಳಿ ನಿಂತದ್ದು. ಆ ಶಿಸ್ತು ಆ ರಾತ್ರಿ ನಮ್ಮ ಕೈ ಹಿಡಿಯಿತು.

ಅಟೆಂಡರ್ ಕಪಾಟಿನ ಮೇಲ್ತಟ್ಟಿನಿಂದ ಜೂನ್ ಕಟ್ಟು ಇಳಿಸಿದ. ಅಕ್ಕ ಓದಿದರು, ಕಾರ್ಯದರ್ಶಿಗಳು ಕೀಲಿಸಿದರು. ವೋಚರ್ ಸಂಖ್ಯೆ, ಖಾತೆ ಸಂಖ್ಯೆ, ಮೊತ್ತ, ಜಮಾ, ಖರ್ಚು. ನಾನು ಹಳೆಯ ಯಂತ್ರದ ಪಕ್ಕ ಕೂತು ಸಹಿ, ಫೋಟೋಗಳನ್ನು ಸಾಗಿಸುತ್ತಿದ್ದೆ. ಸಾಹೇಬರು ಜನರೇಟರಿಗೆ ಡೀಸೆಲ್ ಸುರಿಯುತ್ತ ಜಗಲಿ ಬಿಟ್ಟು ಕದಲಲಿಲ್ಲ.

ನಸುಕಿನ ನಾಲ್ಕೂಕಾಲಿಗೆ ಕಡೆಯ ಫೋಟೋ ಫೋಲ್ಡರ್ ದಾಟಿತು. ಗೋಡೆಯ ಹಾಳೆಯಲ್ಲಿ ಎಲ್ಲ ಸಾಲಿಗೂ ಗುರುತು ಬಿತ್ತು. ಐದು ನಿಮಿಷ ಕಳೆದಿರಬಹುದು, ಎರಡನೆಯ ಡಿಸ್ಕಿನ ದೀಪ ಕೇಸರಿಗೆ ತಿರುಗಿತು. ಈ ಸಲ ವಾಪಸ್ ಬರಲಿಲ್ಲ.

2,700 ರೂಪಾಯಿ

ದಾಟಿಸಿದ್ದೇವೆ. ಆದರೆ ಸರಿಯಾಗಿ ದಾಟಿಸಿದ್ದೇವೆಯೇ?

ಹೊಸ ಯಂತ್ರದಲ್ಲಿ ಡೇಟಾಬೇಸಿನ ಒಳಗಟ್ಟು ಪರೀಕ್ಷಿಸುವ ಚೆಕ್‌ಡಿಬಿ ಓಡಿಸಿದೆ. ದೋಷ ಸೊನ್ನೆ. ಅದು ಯಂತ್ರದ ಮಾತು. ಊರಿನ ಮಾತು ಬೇರೆ: ಹಿಂದಿನ ಸಂಜೆ ಅಕ್ಕ ಮುದ್ರಿಸಿಟ್ಟ ತಾಳೆಪಟ್ಟಿ. ಅದರ ಪ್ರತಿ ಸಾಲೂ ಹೊಸ ಯಂತ್ರದ ಲೆಕ್ಕಕ್ಕೆ ಕೂಡಬೇಕು, ಪೈಸೆ ಸಹಿತ.

ಷೇರು ಬಂಡವಾಳ ಸರಿ. ಠೇವಣಿ ಸರಿ. ಪಿಗ್ಮಿ ಸರಿ. ಬೆಳೆ ಸಾಲ ಸರಿ. ಉಳಿತಾಯ ಖಾತೆ... 2,700 ರೂಪಾಯಿ ಹೆಚ್ಚು.

ಬೆಳಿಗ್ಗೆ ಏಳೂವರೆ. ಹತ್ತಕ್ಕೆ ಕೌಂಟರ್ ತೆರೆಯಬೇಕು. ಬಾಗಿಲ ಹೊರಗೆ ಆಗಲೇ ಜನ. ಮನೆಗೆ ನೀರು ನುಗ್ಗಿದವರು, ಗೋಡೆ ಬಿದ್ದವರು. ದೂರವಾಣಿ ಕೇಬಲ್ ಕಡಿದು ಎಟಿಎಂ ಸತ್ತಿತ್ತು. ತನ್ನ ಲೆಕ್ಕವನ್ನು ತನ್ನ ಗೋಡೆಯೊಳಗೇ ಇಟ್ಟುಕೊಂಡ ಈ ಸಂಘ ಮಾತ್ರ ಇವತ್ತು ಹಣ ಕೊಡಬಲ್ಲದು.

"2,700... ಒಂಬತ್ತರಿಂದ ಭಾಗ ಹೋಗ್ತದೆ," ಅಕ್ಕ ತಮಗೆ ತಾವೇ ಅಂದುಕೊಂಡರು. ತಟ್ಟನೆ ಕಣ್ಣರಳಿತು. "ಅಂಕಿ ತಿರುಗಿದೆ! ಎರಡು ಅಂಕಿ ಹಿಂದುಮುಂದಾದ್ರೆ ವ್ಯತ್ಯಾಸ ಯಾವಾಗ್ಲೂ ಒಂಬತ್ತರಿಂದ ಭಾಗ ಹೋಗ್ತದೆ. ಆ ಅರವತ್ತಾರರಲ್ಲೇ ಹುಡುಕಿ."

ದಿನವಹಿಯ ಮೇಲೆ ಬೆರಳು ಸರಿಯಿತು. 41,850 ದಾಟಿತು. ನಿಂತಿತು. ಕಾಗದದಲ್ಲಿ 3,600. ಪರದೆಯಲ್ಲಿ 6,300.

ತಿದ್ದಿದರು. ಮತ್ತೆ ಕೂಡಿಸಿದೆ. ಉಳಿತಾಯ ಖಾತೆಯ ಮೊತ್ತ ಪೈಸೆ ಸಹಿತ ಕೂಡಿತು. ಕಾರ್ಯದರ್ಶಿಗಳು ಎರಡೂ ಕೈ ಮುಖಕ್ಕೆ ಒತ್ತಿಕೊಂಡರು.

ಹತ್ತು ಗಂಟೆ

ಕಡೆಯ ಹೆಜ್ಜೆ ಉಳಿದಿತ್ತು. ಕೌಂಟರಿನ ಕಂಪ್ಯೂಟರುಗಳು ಹುಡುಕುವುದು ಹಳೆಯ ಸರ್ವರಿನ ಹೆಸರನ್ನೇ, ಅದರ ವಿಳಾಸವನ್ನೇ. ಹೊಸದಕ್ಕೆ ಅದೇ ಹೆಸರು, ಅದೇ ಐಪಿ ವಿಳಾಸ ಕೊಡಬೇಕು. ಒಂದೇ ವಿಳಾಸದಲ್ಲಿ ಇಬ್ಬರು ಇರುವಂತಿಲ್ಲ. ಹಳೆಯದರ ನೆಟ್‌ವರ್ಕ್ ಕೇಬಲ್ ಕಿತ್ತೆ, ಪವರ್ ಮುಟ್ಟಲಿಲ್ಲ. ಹೊಸದಕ್ಕೆ ಹೆಸರು ಕೊಟ್ಟೆ, ವಿಳಾಸ ಕೊಟ್ಟೆ, ಮರುಪ್ರಾರಂಭ. ಗಡಿಯಾರವನ್ನು ಎರಡೆರಡು ಸಲ ನೋಡಿದೆ. ಸರ್ವರಿಗೂ ಕೌಂಟರಿಗೂ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ವಿಂಡೋಸ್ ಡೊಮೇನ್ ಗುರುತನ್ನೇ ಒಪ್ಪುವುದಿಲ್ಲ.

ಮೊದಲ ಕೌಂಟರ್ ತೆರೆಯಿತು. ಎರಡನೆಯದೂ ತೆರೆಯಿತು. ಪಾಸ್‌ಬುಕ್ ಪ್ರಿಂಟರ್ ಗರಗರ ಎಂದಿತು.

ಸರದಿಯಲ್ಲಿ ಮೊದಲು ನಿಂತಿದ್ದವರು ಒಬ್ಬ ಅಜ್ಜಿ. ಕೊಪ್ಪೆಯಿಂದ ನೀರು ಸುರಿಯುತ್ತಿತ್ತು. ಪಾಸ್‌ಬುಕ್ ಪ್ಲಾಸ್ಟಿಕ್ಕಿನಲ್ಲಿ ಒಣಗಿತ್ತು. ಹೊಸ ಯಂತ್ರ ಅವರ ಹೆಸರನ್ನು ತಲೆಕಟ್ಟು ಸಮೇತ ತೋರಿಸಿತು, ಬಾಕಿಯನ್ನು ಪೈಸೆ ಸಮೇತ. ಅಕ್ಕ ನೋಟು ಎಣಿಸಿ ಕೊಟ್ಟರು. ಅಜ್ಜಿಗೆ ರಾತ್ರಿಯ ವಿಷಯ ಗೊತ್ತಿರಲಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ.

ನಾನು ಅಂದೇ ಹೊಸ ಸರ್ವರಿನ ಮೊದಲ ಬ್ಯಾಕಪ್ ತೆಗೆದು, ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದು, ತಾಳೆಪಟ್ಟಿ ಕೂಡಿಸಿ ನೋಡಿದ ಮೇಲೆಯೇ ಎದ್ದೆ. ಹಳೆಯ ಸರ್ವರನ್ನು ಆ ತಿಂಗಳ ಲೆಕ್ಕ ಮುಗಿದು ಎಲ್ಲ ಪಟ್ಟಿಗಳೂ ಕೂಡುವವರೆಗೆ ಯಾರೂ ಮುಟ್ಟಲಿಲ್ಲ. ಆಮೇಲೆ ಅದರ ಡಿಸ್ಕುಗಳನ್ನು ಕಳಚಿ, ಯಾರೂ ಓದದಂತೆ ತೂತು ಕೊರೆದು, ಉಳಿದದ್ದನ್ನು ಇ-ತ್ಯಾಜ್ಯದವರಿಗೆ ಒಪ್ಪಿಸಿದರು.

ಇದೆಲ್ಲ ಒಂದು ಮಳೆಗಾಲದ ಆಕಸ್ಮಿಕವೆಂದು ಯಾರೂ ಭಾವಿಸಬಾರದು. ಅಂಥ ಹಳೆಯ ಪೆಟ್ಟಿಗೆಗಳಲ್ಲಿ ಓಡುವ ವಿಂಡೋಸ್ ಸರ್ವರ್ 2003ಕ್ಕೆ ತಯಾರಕರ ಬೆಂಬಲ 2015ರ ಜುಲೈ 14ಕ್ಕೇ ಮುಗಿದಿತ್ತು. ಎಸ್‌ಕ್ಯೂಎಲ್ ಸರ್ವರ್ 2000ಕ್ಕೆ ಇನ್ನೂ ಮೊದಲು, 2013ರ ಏಪ್ರಿಲ್‌ನಲ್ಲಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಜಗತ್ತನ್ನೆಲ್ಲ ಸುತ್ತಿ ಭದ್ರತಾ ತಿದ್ದುಪಡಿ ಹಾಕದ ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಹಾಗಿದ್ದೂ ಎಷ್ಟೋ ಕಚೇರಿಗಳ ಮೂಲೆಯಲ್ಲಿ, ಧೂಳಿನಡಿ, ಅಂಥ ಪೆಟ್ಟಿಗೆಗಳು ಇನ್ನೂ ತಿರುಗುತ್ತಿವೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ 2,516 ಕೋಟಿ ರೂಪಾಯಿ ಒಪ್ಪಿತು. ಹೊಸ ಯಂತ್ರ ಬರುತ್ತದೆ, ಹೊಸ ತಂತ್ರಾಂಶ ಬರುತ್ತದೆ. ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವ ಆ ಕಿರುದಾರಿಯನ್ನು ಪ್ರತಿ ಸಂಘವೂ ತಾನೇ ನಡೆಯಬೇಕು.

ಆ ದಾರಿಯಲ್ಲಿ ನಮ್ಮನ್ನು ಕಾಪಾಡುವುದು ಕೆಲವೇ ನಿಯಮಗಳು, ನಾನು ಅವನ್ನು ಎದೆಗೊತ್ತಿ ನಂಬುತ್ತೇನೆ. ಲೆಕ್ಕದ ಮೂರು ಪ್ರತಿ ಇರಲಿ, ಎರಡು ಬೇರೆ ಬಗೆಯ ಸಾಧನದಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ. ಹೊಸದು ಪೈಸೆ ಪೈಸೆಗೂ ಉತ್ತರ ಕೊಡುವವರೆಗೆ ಹಳೆಯದನ್ನು ಕೊಲ್ಲಬೇಡಿ. ದಾಟಿಸುವಾಗ ಯಂತ್ರ ಬಲ್ಲವನ ಪಕ್ಕದಲ್ಲಿ ಊರಿನ ಹೆಸರು ಬಲ್ಲವರನ್ನು ಕೂರಿಸಿಕೊಳ್ಳಿ. ಮತ್ತೆ ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಕರೆಯಬೇಡಿ. ನಿಮ್ಮ ಕಚೇರಿಯ ಕಡೆಯ ಬ್ಯಾಕಪ್ ಫೈಲಿನ ತಾರೀಕು ಯಾವುದು? ಉತ್ತರ ಗೊತ್ತಿಲ್ಲದಿದ್ದರೆ ಇವತ್ತೇ ಹೋಗಿ ನೋಡಿ. ಗೊತ್ತಿದ್ದರೆ, ಅದನ್ನು ಬೇರೆ ಯಂತ್ರವೊಂದರಲ್ಲಿ ತೆರೆದು, ನಿನ್ನೆಯ ತಾಳೆಪಟ್ಟಿಯ ಜೊತೆ ಕೂಡಿಸಿ ನೋಡಿ.